ಇಎಸ್‌ಆರ್ ಜಾಸ್ತಿ ಎಂದಾಕ್ಷಣ ಹಿಜಾಮಾ ಬೇಡ

ಹಡಗಲಿ ಕಡೆಯ ಸಹೋದರಿಯೊಬ್ಬರು ಎರಡು ಲ್ಯಾಬ್‌ಗಳ ರಿಪೋರ್ಟ್ ಹಿಡಿದು ನನ್ನ ಬಳಿ ಬಂದಿದ್ದರು. ಒಂದರಲ್ಲಿ ಇಎಸ್‌ಆರ್ 52, ಎರಡು ದಿನ ಬಿಟ್ಟು ಮಾಡಿಸಿದ ಇನ್ನೊಂದರಲ್ಲಿ 28. "ಹಕೀಮ್ ಸಾಬ್, ರಕ್ತ ದಪ್ಪ ಆಗೇತಂತೆ. ಹಿಜಾಮಾ ಮಾಡಿ ಕೆಟ್ಟ ರಕ್ತ ತೆಗೀರಿ" ಎಂದರು. ಅದೇ ರಿಪೋರ್ಟಿನ ಮೇಲಿನ ಸಾಲಿನಲ್ಲಿ ಹಿಮೋಗ್ಲೋಬಿನ್ 8 ಎಂದಿತ್ತು. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೆಂಪು ಕಣಗಳು ಕೆಳಗಿಳಿಯುತ್ತವೆ. ಒಂದು ಗಂಟೆಯಲ್ಲಿ ಮೇಲೆ ಎಷ್ಟು ಮಿಲಿಮೀಟರ್ ತಿಳಿ ಉಳಿಯಿತೋ ಅದೇ ಇಎಸ್‌ಆರ್. ಸ್ವೀಡನ್ನಿನ ವೈದ್ಯ ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ಕ್ರಮವಿದು. ಬಿಡಿ ಕಣ ನಿಧಾನಕ್ಕೆ ಇಳಿಯುತ್ತದೆ, ನಾಣ್ಯ ಪೇರಿಸಿದಂತೆ ಒಂದಕ್ಕೊಂದು ಅಂಟಿದ ಕಣಗಳು ಬೇಗ ಇಳಿಯುತ್ತವೆ. ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚಿ ಈ ಅಂಟೂ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ ಸಹಜವಾಗಿಯೇ ಏರಿರಬಹುದು. ರಕ್ತಹೀನತೆಯಲ್ಲಿ ಕಣಗಳೇ ಕಡಿಮೆ, ತಡೆಯಿಲ್ಲದೆ ಬೇಗ ಇಳಿಯುತ್ತವೆ. ಅಂದರೆ ಆ ಸಹೋದರಿಯ ರಕ್ತ ದಪ್ಪವಾಗಿರಲಿಲ್ಲ, ತೆಳುವಾಗಿತ್ತು! ಅದರಿಂದ ಇನ್ನಷ್ಟು ತೆಗೆಯುವುದೇ?

ಇನ್ನು ಎರಡು ಅಂಕಿ ಏಕೆ? ಮೊದಲನೆಯದು ಕೊಳವೆಯದು, ಎರಡನೆಯದು ಬೆಳಕಿನ ಯಂತ್ರದ್ದು. ಈದ್ಗಾದಲ್ಲಿ ಜನ ಚೆದುರಿ ನಿಂತಾಗ ಆಚೆಯ ಗೋಡೆ ಕಾಣುವುದಿಲ್ಲ. ಸಫ್ ಕಟ್ಟಿ ನಿಂತರೆ ಸಾಲುಗಳ ಸಂದಿಯಲ್ಲಿ ಕಾಣುತ್ತದೆ. ರಕ್ತವೂ ಹಾಗೆಯೇ. ಯಂತ್ರ ಮೊದಲು ರಕ್ತವನ್ನು ಜೋರಾಗಿ ಹರಿಸಿ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ, ತಟಕ್ಕನೆ ನಿಲ್ಲಿಸಿ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತದೆ. ಕಣಗಳು ಅಂಟಿಕೊಂಡಂತೆ ಸಂದು ಬಿಟ್ಟು ಹೆಚ್ಚು ಬೆಳಕು ದಾಟುತ್ತದೆ. ಒಂದು ನಿಮಿಷದೊಳಗೆ ಅಳೆದು, ಗಂಟೆಯ ಲೆಕ್ಕಕ್ಕೆ ಪರಿವರ್ತಿಸಿ ಅಂಕಿ ಕೊಡುತ್ತದೆ. ಅದು ನೋಡುವುದು ಅಂಟುವುದನ್ನು ಮಾತ್ರ, ಇಳಿಯುವುದನ್ನಲ್ಲ. ಹಾಗಾಗಿ ರಕ್ತಹೀನತೆ ಇರುವವರಲ್ಲಿ ಎರಡೂ ಹೊಂದದಿರಬಹುದು.

ಕೊಳವೆಗೆ ಬೇರೆ ಕಾಟಗಳೂ ಇವೆ. ಸ್ವಲ್ಪ ವಾಲಿದರೂ ಅಂಕಿ ಏರುತ್ತದೆ. ಹಗರಿಬೊಮ್ಮನಹಳ್ಳಿಯ ಏಪ್ರಿಲ್ ಸೆಕೆಯಲ್ಲಿ ಫ್ಯಾನೂ ಇಲ್ಲದ ಕೋಣೆಯಲ್ಲಿ ಇಟ್ಟರೂ ಏರುತ್ತದೆ. ಕೊಟ್ಟೂರಿನಲ್ಲೋ ಕೂಡ್ಲಿಗಿಯಲ್ಲೋ ತೆಗೆದ ರಕ್ತ ಬಸ್ಸಿನಲ್ಲಿ ದೊಡ್ಡ ಊರಿಗೆ ಹೋಗಿ ತಡವಾದರೆ ಇಳಿದೂ ಬಿಡಬಹುದು. ತೆಗೆದ 4 ಗಂಟೆಯೊಳಗೆ ಪರೀಕ್ಷೆಗೆ ಇಡಬೇಕು. ಆದ್ದರಿಂದ ಹೋಲಿಸಿ ನೋಡಬೇಕಾದರೆ ಪ್ರತಿ ಸಲ ಒಂದೇ ಲ್ಯಾಬ್, ಒಂದೇ ವಿಧಾನ ಇರಲಿ.

ನಮ್ಮ ಯುನಾನಿಯ ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ಅಖ್ಲಾತ್‌ಗೂ ಇದಕ್ಕೂ ನಂಟು ಹುಡುಕಿದವರಿದ್ದಾರೆ. ಗಾಜಿನ ಪಾತ್ರೆಯಲ್ಲಿ ಬಿಟ್ಟ ರಕ್ತದ ಕಪ್ಪು ತಳ, ಕೆಂಪು, ಬಿಳಿಚು ಪದರ, ಮೇಲಿನ ಹಳದಿ ತಿಳಿ ನೋಡಿಯೇ ಗ್ರೀಕ್ ವೈದ್ಯರಿಗೆ ಅದು ಹೊಳೆದಿರಬೇಕೆಂದು ಸ್ವೀಡನ್ನಿನ ಫೋರೇಯಸ್ ಊಹಿಸಿದ್ದರು. ಊಹೆಯೇ ಇರಬಹುದು, ನನಗಂತೂ ಇಷ್ಟ.

ಆ ಸಹೋದರಿಗೆ ಹಿಜಾಮಾ ಮಾಡಲಿಲ್ಲ. ರಕ್ತ ಏಕೆ ಕಡಿಮೆಯಾಗಿದೆ ಎಂದು ನೋಡಲು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಎಸ್‌ಆರ್ ಏರಿದ್ದು, ಜೊತೆಗೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿ. ಹರಪನಹಳ್ಳಿಯಲ್ಲಾಗಲಿ ಕೂಡ್ಲಿಗಿಯಲ್ಲಾಗಲಿ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.