ತೊಟ್ಟೆಯ ನೂಲು: ಒಂದು ಕೈಗೆಲಸದ ಪಾಠ

ದಕ್ಷಿಣ ಕನ್ನಡದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ‘ತೊಟ್ಟೆ’ ಎಂದು ಹೆಸರು. ಸುಳ್ಯ ತಾಲೂಕಿನ ಐವರ್ನಾಡಿನಂತಹ ಅಡಿಕೆಯ ಸೀಮೆಗೆ ತೊಟ್ಟೆ ಬರುವ ಮುನ್ನ ಮನೆಯ ಯಾವ ವಸ್ತುವೂ ಸುಲಭವಾಗಿ ಕಸವೆನಿಸಿಕೊಳ್ಳುತ್ತಿರಲಿಲ್ಲ. ಅಡಿಕೆಯ ಹಾಳೆ ಮುಟ್ಟಾಳೆಯಾಗಿ ತಲೆಯೇರುತ್ತಿತ್ತು, ಬೀಸಣಿಗೆಯಾಗುತ್ತಿತ್ತು, ಎಳೆಗೂಸಿನ ಸ್ನಾನಕ್ಕೆ ಹಾಸಾಗುತ್ತಿತ್ತು. ತೆಂಗಿನ ಗರಿಯ ಕಡ್ಡಿ ಹಿಡಿಸೂಡಿಯಾಗಿ ಸವೆದು ಗೊಬ್ಬರದ ಗುಂಡಿ ಸೇರುತ್ತಿತ್ತು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳಿಂದ ಕೌದಿ ಹೊಲಿದದ್ದೂ ಇದೇ ವಿವೇಕದಿಂದ. ತೊಟ್ಟೆಯಾದರೋ ಮಣ್ಣಿಗೂ ಸಲ್ಲದು, ಗೋವಿನ ಹೊಟ್ಟೆಗೂ ಸಲ್ಲದು. ಮಳೆಗಾಲದಲ್ಲಿ ಒದ್ದೆ ಸೌದೆಗೆ ಬೆಂಕಿ ಹಿಡಿಸಲು ಅದನ್ನು ಬಚ್ಚಲ ಒಲೆಗೆ ಹಾಕುವ ರೂಢಿಯಂತೂ ಅತ್ಯಂತ ಅಪಾಯಕರ. ಅದರ ವಿಷದ ಹೊಗೆಯನ್ನು ಮೊದಲು ಕುಡಿಯುವವರು ನೀರು ಕಾಯಿಸುವ ಹೆಂಗಸರು ಮತ್ತು ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುವ ಮಕ್ಕಳು.

ಈ ತೊಟ್ಟೆಯನ್ನು ನೂಲಾಗಿಸಿ, ಕೊಕ್ಕೆಯ ಕಡ್ಡಿಯಿಂದ ಹೆಣೆಯುವ ಕ್ರೋಶಾ ಕೆಲಸವನ್ನು ನಮ್ಮ ಶಾಲೆಗಳ ಕೈಗೆಲಸದ ವೇಳೆಯಲ್ಲಿ ಕಲಿಸಬಹುದೆಂಬುದು ಈ ಲೇಖನದ ಸೂಚನೆ. ಬಾಲಕರನ್ನು ಇದರಿಂದ ಹೊರಗಿಡಲು ಕಾರಣವಿಲ್ಲ. ಜೇಡರ ದಾಸಿಮಯ್ಯನ ಪರಂಪರೆಯವರಾದ ನಮಗೆ ನೂಲಿನ ಕೆಲಸ ಹೆಣ್ಣುಮಕ್ಕಳದು ಮಾತ್ರ ಎನ್ನುವುದು ಶೋಭಿಸದು.

ಚೀಲವನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಹಿಡಿಕೆಗಳನ್ನೂ ತಳದ ಬೆಸುಗೆಯನ್ನೂ ಕತ್ತರಿಸಿ ತೆಗೆಯಬೇಕು. ಉಳಿದ ಕೊಳವೆಯನ್ನು ಅಡ್ಡಲಾಗಿ ಅಂಗುಲದ ಅಗಲಕ್ಕೆ ಕತ್ತರಿಸಿದರೆ ಬಳೆಯಾಕಾರದ ಪಟ್ಟಿಗಳು ದೊರೆಯುತ್ತವೆ. ಒಂದರೊಳಗೊಂದನ್ನು ಕುಣಿಕೆಯಾಗಿ ತೂರಿಸಿ ಮೆಲ್ಲನೆ ಎಳೆದರೆ ಜೋಡಿ ಎಳೆಯ ನೂಲು ಸಿದ್ಧ. 12 ಅಂಗುಲ ಉದ್ದ, 12 ಅಂಗುಲ ಅಗಲದ ಚೀಲದಿಂದ 12 ಬಳೆಗಳು. ಕುಣಿಕೆಗಳಿಗೆ ವ್ಯಯವಾದುದನ್ನು ಕಳೆದರೆ ಸುಮಾರು 10 ಅಡಿ ನೂಲು. ಕಡ್ಡಿ 6ರಿಂದ 8 ಮಿಲಿಮೀಟರ್ ದಪ್ಪವಿರಲಿ. ಬಿದಿರನ್ನು ಕೆತ್ತಿ, ಉಜ್ಜುಕಾಗದದಿಂದ ನಯಗೊಳಿಸಿದರೂ ಸಾಕು.

ದುಂಡು ಹಾಸಿಗೆ ಮೊದಲು 6 ಹೆಣಿಗೆ. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು ಹಾಕಿ 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು ಹಾಕಿ 18. ಮುಂದೆ 24, 30. ಪ್ರತಿ ಸುತ್ತಿಗೂ ಆರೇ ಏಕೆ ಹೆಚ್ಚಬೇಕು? ಉಪಾಧ್ಯಾಯರು ಇಲ್ಲಿ ತುಸು ನಿಲ್ಲಬೇಕು. ಒಂಟಿ ಹೆಣಿಗೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಒಂದು ಸುತ್ತು ಬೆಳೆದಾಗ ತ್ರಿಜ್ಯ ಒಂದು ಹೆಣಿಗೆಯಷ್ಟು ಹೆಚ್ಚುತ್ತದೆ. ಪರಿಧಿಯಾದರೋ ಅದರ ಎರಡು ಪೈಯಷ್ಟು, ಎಂದರೆ ಸುಮಾರು 6.28 ಹೆಣಿಗೆಗಳಷ್ಟು ಹೆಚ್ಚುತ್ತದೆ. ಕಪ್ಪುಹಲಗೆಯ ಮೇಲೆ ಸೂತ್ರವಾಗಿ ನಿಂತದ್ದು ಇಲ್ಲಿ ಬೆರಳಿಗೆ ತಿಳಿಯುತ್ತದೆ. ಹೆಚ್ಚಿಸದೆ ಹೆಣೆದರೆ ಅಂಚು ಮೇಲೆದ್ದು ಬುಟ್ಟಿಯಾಗುತ್ತದೆ. ಮಿತಿಮೀರಿ ಹೆಚ್ಚಿಸಿದರೆ ನೆರಿಗೆ ನೆರಿಗೆಯಾಗಿ ಅಲೆಯೇಳುತ್ತದೆ. ಈ ಅಲೆಯನ್ನೇ ಹಿಡಿದು ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಅವರು 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯ ತಲವನ್ನು ಕ್ರೋಶಾದಿಂದ ಹೆಣೆದು, ಕೈಯಲ್ಲಿ ಹಿಡಿದು ನೋಡುವಂತೆ ಮಾಡಿದರು.

ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಸೀಮೆಯಲ್ಲಿ ಆಟಿ ತಿಂಗಳು ಬಂದರೆ ಗೋಣಿಯ ಕಾಲೊರಸು ಬೂಸು ಹಿಡಿದು ನಾರುತ್ತದೆ. ತೊಟ್ಟೆಯ ಕಾಲೊರಸು ಕೊಡವಿ ತೂಗುಹಾಕಿದರೆ ಒಣಗುತ್ತದೆ. ತರಕಾರಿಯ ಕೈಚೀಲ, ಸಾಬೂನಿನ ಬುಟ್ಟಿಗಳೂ ಆಗುತ್ತವೆ. ಬಿಸಿ ಪಾತ್ರೆಯ ಕೆಳಗೆ ಇಡಲು ಮಾತ್ರ ಸಲ್ಲದು; ಬಿಸಿಲಿನಲ್ಲಿಯೂ ಬಿಡಬಾರದು, ಪ್ಲಾಸ್ಟಿಕ್ ಪುಡಿಪುಡಿಯಾಗಿ ಮಣ್ಣಿಗಿಳಿಯುತ್ತದೆ.

ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು 2016ರಲ್ಲಿಯೇ ನಿಷೇಧಿಸಿದೆ. ಆದರೂ ಅವು ಮನೆಗೆ ಬರುವುದು ನಿಂತಿಲ್ಲ. ಹೆಣೆಯುವುದರಿಂದ ಪ್ಲಾಸ್ಟಿಕ್ ಇಲ್ಲವಾಗುವುದೂ ಇಲ್ಲ, ಒಲೆಗೆ ಹೋಗುವುದು ತಪ್ಪುತ್ತದೆ, ಅಷ್ಟೆ. ಹೀಗಿರುವಾಗ ವಸ್ತುಪ್ರದರ್ಶನದ ಅಂದಕ್ಕಾಗಿ ಬಣ್ಣಬಣ್ಣದ ಹೊಸ ಚೀಲಗಳನ್ನು ಕೊಂಡು ಹೆಣೆಯಿಸುವುದು ಕೆಲಸವನ್ನೇ ತಲೆಕೆಳಗು ಮಾಡಿದಂತೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ಮಕ್ಕಳಿಗೆ ಈ ಪಾಠದೊಡನೆಯೇ ಹೇಳಬೇಕು. ಮನೆಯಲ್ಲಿ ಬಿದ್ದಿರುವ ಚೀಲ ಮುಗಿದ ದಿನ ಹೆಣಿಗೆಯೂ ನಿಲ್ಲಲಿ. ಅನಂತರ ಅದೇ ಕಡ್ಡಿಗೆ ಹಳೆಯ ಸೀರೆಯ ಪಟ್ಟಿಯನ್ನು ಹಚ್ಚಬಹುದು.

ದಾನಿಗಳಾದ ಮಹನೀಯರಲ್ಲಿ ಕೇಳುವುದಿಷ್ಟೆ: ಕಡ್ಡಿ, ಕತ್ತರಿಗಳು ಮತ್ತು ವಿದ್ಯಾರ್ಥಿಗೊಂದರಂತೆ ಬಟ್ಟೆಯ ಚೀಲ. ಹಾಸು ಸವೆದ ಮೇಲೆ ಸುಡದೆ ಗ್ರಾಮ ಪಂಚಾಯತಿಯ ಒಣಕಸಕ್ಕೆ ಕೊಡತಕ್ಕದ್ದು.