ಸಹಿಗೆ ಮುಂಚೆ ಷರತ್ತು ಓದಿ

ಸಿದ್ಧಗಂಗಾ ತಾಂತ್ರಿಕ ಕಾಲೇಜು ಹತ್ತಿರವೇ ಇರುವುದರಿಂದ ತುಮಕೂರಿನ ಬಟವಾಡಿಯಲ್ಲಿ ಮನೆ ಹುಡುಕುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಕೀಲಿಕೈ ಸಿಕ್ಕ ಖುಷಿಯಲ್ಲಿ ಕರಾರು ಪತ್ರದ ಕೊನೆಯ ಪುಟಕ್ಕೇ ಹೋಗಿ ಸಹಿ ಹಾಕಬೇಡಿ. ದುಡ್ಡಿನ ಮಾತೆಲ್ಲ ನಡುವಿನ ಷರತ್ತುಗಳಲ್ಲಿದೆ.

'ಖಾಲಿ ಮಾಡುವಾಗ ಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳತಕ್ಕದ್ದು' ಎಂದಿದ್ದರೆ, ಎಷ್ಟು ಎಂದು ಕೇಳಿ, ಆ ಅಂಕಿಯನ್ನು ಪತ್ರದಲ್ಲೇ ಬರೆಸಿ. ದಿನಬಳಕೆಯ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಆದರೆ ಅದಕ್ಕೆ ವಿರುದ್ಧವಾದ ಷರತ್ತಿಗೆ ನೀವೇ ಒಪ್ಪಿ ಸಹಿ ಹಾಕಿದ್ದರೆ ಆಮೇಲೆ ವಾದಿಸುವುದು ಕಷ್ಟ. ನೋಟಿಸಿನದೂ ಇದೇ ಕಥೆ: ಪತ್ರದಲ್ಲಿ ಏನೂ ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾನೂನಿನ ಪ್ರಕಾರ 15 ದಿನ, ಎರಡು ತಿಂಗಳು ಎಂದು ಬರೆದಿದ್ದರೆ ಎರಡು ತಿಂಗಳು.

ಭೋಗ್ಯಕ್ಕೆ ಹಾಕಿಕೊಳ್ಳುವವರಿಗೆ ಇನ್ನೂ ಒತ್ತಿ ಹೇಳುತ್ತೇನೆ. ಲಕ್ಷಗಟ್ಟಲೆ ಹಣ ಕೊಟ್ಟು 11 ತಿಂಗಳ ಬಾಡಿಗೆ ಕರಾರಿನಂಥ ಒಂದು ಛಾಪಾ ಕಾಗದ ಇಟ್ಟುಕೊಂಡರೆ ಸಾಲದು. ಮನೆಯನ್ನು ಆಧಾರವಾಗಿಟ್ಟು ಪಡೆದ ಹಣ 100 ರೂಪಾಯಿ ದಾಟಿದರೂ ಭೋಗ್ಯಪತ್ರ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ. ಹಣ ಚೆಕ್ಕಿನಲ್ಲಿ ಅಥವಾ ಬ್ಯಾಂಕ್ ಖಾತೆ ಮೂಲಕವೇ ಹೋಗಲಿ. ಸಹಿಯಾದ ಪ್ರತಿಯೊಂದು ಪುಟದ ಫೋಟೊವನ್ನು ಅಂದೇ ಊರಿನ ಮನೆಗೂ ಕಳಿಸಿಡಿ.