ಮೊದಲು ನೆಲ ನೋಡಿ, ಆಮೇಲೆ ಗಾಲಿ

ರೋಲರ್ ಹಾಕಿ ಆಡುವವರು ಸ್ಟಿಕ್ಕಿಗೂ ಹೆಲ್ಮೆಟ್ಟಿಗೂ ಕೈ ಬಿಚ್ಚಿ ಖರ್ಚು ಮಾಡುತ್ತಾರೆ. ಗಾಲಿ ಸವೆದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕಿಸಿಕೊಳ್ಳುತ್ತಾರೆ. ಆದರೆ ಆಟಗಾರನಿಗೂ ನೆಲಕ್ಕೂ ನಡುವೆ ಇರುವುದು ಆ ಎಂಟು ಗಾಲಿಗಳಷ್ಟೇ. ಕ್ಯಾಲಿಫೋರ್ನಿಯಾದ ಒಳಾಂಗಣ ರಿಂಕುಗಳಲ್ಲಿ ಲೀಗ್ ಆಡುತ್ತ, ಇಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಸ್ಕೇಟ್ ಸರಿಮಾಡಿಕೊಡುತ್ತ ನಾನು ಕಲಿತ ಪಾಠಗಳು ಇವು.

1. ಯಾವ ನೆಲ ಎಂದು ಕೇಳಿ.
ಒಳಾಂಗಣದ ನೆಲವೆಲ್ಲ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ಒಂದಕ್ಕೊಂದು ಸಿಕ್ಕಿಸಿದ ಪ್ಲಾಸ್ಟಿಕ್ ಟೈಲ್ಸ್, ಕೆಲವು ಕಡೆ ಬಣ್ಣ ಬಳಿದ ಕಾಂಕ್ರೀಟ್, ಮತ್ತೆ ಕೆಲವು ಕಡೆ ಮರ. ನೆಲ ನುಣುಪಾದಷ್ಟೂ ಗಾಲಿ ಮೆತ್ತಗಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಾಲು ನಿಲ್ಲುವುದಿಲ್ಲ. ಒರಟು ಸಿಮೆಂಟು ತಾನೇ ಹಿಡಿತ ಕೊಡುತ್ತದೆ. ಅಲ್ಲಿ ಮೆತ್ತನೆಯ ಗಾಲಿ ಬೇಗ ಸವೆಯುತ್ತದೆ.

2. ಗಾಲಿಯ ಮೇಲಿನ ಅಂಕಿ ಓದಿ.
74ಎ, 76ಎ ಎಂದು ಅಚ್ಚು ಹಾಕಿರುವುದು ಪಾಲಿಯುರಿಥೇನಿನ ಗಡಸುತನ. ಅಂಕಿ ಕಡಿಮೆಯಾದಷ್ಟೂ ಗಾಲಿ ಮೆತ್ತಗೆ. ಒಳಾಂಗಣಕ್ಕೆ ಸಾಮಾನ್ಯವಾಗಿ 72ರಿಂದ 78, ಹೊರಗಿನ ಆಟಕ್ಕೆ 82 ಅಥವಾ ಅದಕ್ಕೂ ಹೆಚ್ಚು. ಎರಡು ಕಂಪನಿಗಳ 76ಎ ಕಾಲಿಗೆ ಒಂದೇ ರೀತಿ ಅನ್ನಿಸದೇ ಇರಬಹುದು, ಯಾಕೆಂದರೆ ಅವರವರ ಪಾಲಿಯುರಿಥೇನ್ ಮಿಶ್ರಣ ಬೇರೆ.

3. ಮೈತೂಕಕ್ಕೆ ತಕ್ಕ ಗಾಲಿ ಹಾಕಿ.
ಟೈಲ್ಸ್ ನೆಲದಲ್ಲಿ ನಾನು ಹಿಡಿಯುವ ಲೆಕ್ಕ ಹೀಗಿದೆ: 65 ಕೆಜಿ ಒಳಗಿನವರಿಗೆ 72 ಅಥವಾ 74, ಅಲ್ಲಿಂದ 80 ಕೆಜಿವರೆಗೆ 76, ಅದರ ಮೇಲೆ 78. ಭಾರದ ಆಟಗಾರ ತೀರ ಮೆತ್ತನೆಯ ಗಾಲಿ ಹಾಕಿದರೆ ಅದು ಅಡಿಯಲ್ಲಿ ಒತ್ತಿಕೊಂಡು ಓಟ ಎಳೆಯುತ್ತದೆ, ಕಾಲು ಬೇಗ ಸೋಲುತ್ತದೆ. ಹಗುರ ಮೈಯವರದು ಇದಕ್ಕೆ ಉಲ್ಟಾ. ಒಬ್ಬ ಪುಟ್ಟ ಹುಡುಗಿ ಅಣ್ಣನ ಹಳೇ 78ಎ ಗಾಲಿಯಲ್ಲಿ ಆಡುತ್ತಿದ್ದಳು. ಗೋಲಿನ ಹಿಂದೆ ತಿರುಗುವಾಗಲೆಲ್ಲ ಹಿಂಗಾಲು ಜಾರಿ ಗೋಡೆಗೆ ಹೋಗಿ ತಾಗುತ್ತಿದ್ದಳು. "ಅಂಕಲ್, ಕಾಲು ನಿಲ್ತಾನೇ ಇಲ್ಲ" ಅಂದಳು. ಎಲ್ಲರೂ ಮಂಡಿ ಬಗ್ಗಿಸು ಎನ್ನುತ್ತಿದ್ದರು, ಅವಳು ಬಗ್ಗಿಸಿಯೇ ಇದ್ದಳು. 74ಎ ಹಾಕಿಕೊಟ್ಟೆ. ಅವತ್ತೇ ಆ ತಿರುವು ಅವಳಿಗೆ ದಕ್ಕಿತು. ಮಗು ಜಾರಿದರೆ ಅದರ ಕಲಿಕೆಯನ್ನು ದೂರುವ ಮುಂಚೆ ಗಾಲಿ ನೋಡಿ.

4. ಅಳತೆಯನ್ನು ಫ್ರೇಮ್ ಹೇಳುತ್ತದೆ.
ಕೆಲವು ಸ್ಕೇಟುಗಳಲ್ಲಿ ನಾಲ್ಕೂ ಗಾಲಿಗಳ ವ್ಯಾಸ 80 ಮಿ.ಮೀ. ಹೈ-ಲೋ ಫ್ರೇಮಿನಲ್ಲಿ ಮುಂದಿನ ಎರಡು 76, ಹಿಂದಿನ ಎರಡು 80. ಸಣ್ಣ ಪಾದದ ಸ್ಕೇಟುಗಳಲ್ಲಿ 72 ಮತ್ತು 76 ಇರುತ್ತದೆ. 76ರ ಜಾಗಕ್ಕೆ 80 ತುರುಕಿದರೆ ಗಾಲಿ ಫ್ರೇಮಿಗೋ ಪಕ್ಕದ ಗಾಲಿಗೋ ಉಜ್ಜುತ್ತದೆ. ಸವೆದ ಗಾಲಿಯನ್ನು ಸ್ಕೇಲಿನಲ್ಲಿ ಅಳೆಯಬೇಡಿ, ಅದು ಕುಗ್ಗಿರುತ್ತದೆ. ಗಾಲಿಯ ಮೇಲೋ ಫ್ರೇಮಿನ ಮೇಲೋ ಅಚ್ಚಾಗಿರುವ ಅಂಕಿಯನ್ನೇ ನಂಬಿ.

5. ಬೇರಿಂಗ್ ಮರೆಯಬೇಡಿ.
ಪ್ರತಿ ಗಾಲಿಗೆ ಎರಡು ಬೇರಿಂಗ್, ನಡುವೆ ಒಂದು ಸ್ಪೇಸರ್. ಬಹುಪಾಲು ಗಾಲಿಗಳು 608 ಬೇರಿಂಗಿಗೆ ಹೊಂದುತ್ತವೆ, ಅದರ ಹೊರವ್ಯಾಸ 22 ಮಿ.ಮೀ. ಕೆಲವು ಸ್ಕೇಟುಗಳಲ್ಲಿ 16 ಮಿ.ಮೀ.ನ ಮೈಕ್ರೋ ಬೇರಿಂಗ್ ಇರುತ್ತದೆ, ಅದಕ್ಕೆ ತಕ್ಕ ಗಾಲಿಯೇ ಬೇಕು. ಹಳೆಯ ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿದ್ದರೆ ಒರೆಸಿ ಹೊಸ ಗಾಲಿಗೆ ಕೂರಿಸಿ. ಸ್ಪೇಸರ್ ಬಿಟ್ಟರೆ ಆಕ್ಸಲ್ ಬಿಗಿ ಮಾಡುವಾಗ ಗಾಲಿ ಸಿಕ್ಕಿಹಾಕಿಕೊಳ್ಳುತ್ತದೆ.

6. ಕೊಳ್ಳುವ ಮುಂಚೆ ಒರೆಸಿ, ಅದಲುಬದಲು ಮಾಡಿ.
ಹಿಡಿತ ಹೋಗಿದೆ ಎನ್ನಿಸುವ ಎಷ್ಟೋ ಗಾಲಿಗಳಿಗೆ ಅಂಟಿರುವುದು ಬರೀ ರಿಂಕಿನ ದೂಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಮೇಲೆ ಬೂದು ಬಣ್ಣದ ಪಟ್ಟಿ ಮೂಡುತ್ತದೆ, ಗಾಲಿ ಮತ್ತೆ ನೆಲ ಹಿಡಿಯುತ್ತದೆ. ಕಾಲು ಒತ್ತಿ ಓಡುವುದರಿಂದ ಒಳಅಂಚು ಮೊದಲು ಸವೆಯುತ್ತದೆ. ಅದೇ ಅಳತೆಯ ಇನ್ನೊಂದು ಕಾಲಿನ ಗಾಲಿಯ ಜೊತೆ ಬದಲಿಸಿ, ಸವೆದ ಅಂಚು ಹೊರಕ್ಕೆ ಬರುವಂತೆ ಕೂರಿಸಿ.

7. ಒಳಾಂಗಣದ ಗಾಲಿ ಬೀದಿಗೆ ಬೇಡ.
ರಿಂಕಿನಿಂದ ಕಾರಿನವರೆಗೆ ಸ್ಕೇಟಿನಲ್ಲೇ ಹೋದರೂ ಡಾಂಬರು ಮೆತ್ತನೆಯ ಗಾಲಿಯನ್ನು ಕಚ್ಚಿ ತುಣುಕು ಕಿತ್ತುಬಿಡುತ್ತದೆ. ರಜೆಗೆ ಊರಿಗೆ ಹೋಗಿ ಬೆಂಗಳೂರಿನಲ್ಲಿ ಹೊರಗಿನ ಸಿಮೆಂಟಿನ ಮೇಲೆ ಆಡುವ ಆಸೆ ಇದ್ದರೆ ಗಡಸು ಗಾಲಿಗಳ ಇನ್ನೊಂದು ಸೆಟ್ ಜೊತೆಗೆ ಇಟ್ಟುಕೊಳ್ಳಿ.

8. ಬರೆದಿಡಿ.
ದುಬಾರಿ ಗಾಲಿಯೇ ನಿಮ್ಮ ಗಾಲಿ ಆಗಬೇಕೆಂದಿಲ್ಲ. ಒಂದು ಸೆಟ್ ಮುಗಿದಾಗ ನೆಲ, ಮೈತೂಕ, ಗಾಲಿಯ ಗಡಸುತನದ ಅಂಕಿ ಬರೆದು, ಆಡುವಾಗ ಜಾರುತ್ತಿತ್ತೋ ಎಳೆಯುತ್ತಿತ್ತೋ ಎಂಬುದನ್ನೂ ಸೇರಿಸಿ. ಜಾರಿದ್ದರೆ ಮುಂದಿನ ಸಲ ಎರಡು ಅಂಕಿ ಇಳಿಸಿ, ಎಳೆದಿದ್ದರೆ ಎರಡು ಏರಿಸಿ. ಅಂಗಡಿಯವರ ಸಲಹೆ ಕೇಳಿ, ಆದರೆ ನಿಮ್ಮ ಕಾಲು ಕೊಟ್ಟ ವರದಿಗೆ ಹೆಚ್ಚು ಬೆಲೆ ಕೊಡಿ.